‘ಇದರಿಂದಲೇ ಅದು ಆಯ್ತು’ ಅಂತ ಅಚ್ಚು ಹಾಕೋ ಮುಂಚೆ ಒಂದು ಪ್ರಶ್ನೆ ಕೇಳಿ

ಮಾನ್ಯ ಸಂಪಾದಕರೇ,

ಸಮಾಜ ವಿಜ್ಞಾನದ ಸಂಶೋಧನೆಗಳಿಗೆ ನಿಮ್ಮ ಪತ್ರಿಕೇಲಿ ಆಗಾಗ ಜಾಗ ಸಿಗ್ತಿದೆ, ಅದು ಖುಷಿ ವಿಷಯ. ಆದ್ರೆ ಆ ಸುದ್ದಿಗಳು ಬರೋ ರೀತಿ ಬಗ್ಗೆ ನಂದೊಂದು ತಕರಾರಿದೆ, ತುಂಬಾ ದಿನದಿಂದ ಬರೀಬೇಕು ಅಂತಿದ್ದೆ. ‘ಮೊಬೈಲ್ ನೋಡೋದ್ರಿಂದ ಮಕ್ಕಳಲ್ಲಿ ಖಿನ್ನತೆ’, ‘ಸಣ್ಣ ಕುಟುಂಬದ ಮಕ್ಕಳು ಓದಿನಲ್ಲಿ ಮುಂದೆ’, ಈ ಥರದ ಹೆಡ್ಡಿಂಗು ಕೊಟ್ಟು ಕೆಳಗೆ ‘ಅಧ್ಯಯನದಿಂದ ಸಾಬೀತು’ ಅಂತ ಹಾಕಿರ್ತಾರೆ. ಒಳಗೆ ಓದಿದ್ರೆ ಎರಡು ಸಂಗತಿ ಒಟ್ಟೊಟ್ಟಿಗೆ ಕಾಣಿಸ್ತು ಅನ್ನೋದು ಬಿಟ್ಟು ಬೇರೇನೂ ಇರಲ್ಲ. ಮೊಬೈಲ್ ನೋಡಿದ್ದಕ್ಕೆ ಮಗುಗೆ ಬೇಜಾರಾಯ್ತೋ, ಬೇಜಾರಲ್ಲಿರೋ ಮಗು ಮೊಬೈಲ್ ಹಿಡ್ಕೊಂಡು ಕೂತಿತೋ, ಇಲ್ಲಾ ಮನೇಲಿ ಮಾತಾಡ್ಸೋರೇ ಇಲ್ದೆ ಎರಡೂ ಆಯ್ತೋ, ಈ ಮೂರನ್ನೂ ಬೇರೆ ಮಾಡಿ ನೋಡದೆ ‘ಸಾಬೀತು’ ಅನ್ನೋ ಪದ ಅಚ್ಚಾಗಿಬಿಡುತ್ತೆ, ಅದನ್ನ ಓದಿದ ಅಪ್ಪ ಅಮ್ಮ ಅದನ್ನೇ ನಂಬಿ ಮನೇಲಿ ನಿಯಮ ಮಾಡ್ತಾರೆ, ಅಧಿಕಾರಿಗಳು ಸುತ್ತೋಲೆ ಹೊರಡಿಸ್ತಾರೆ.

ಸಂಶೋಧನಾ ವಿಧಾನ ಪಾಠ ಮಾಡೋ ನಾನು ನನ್ನ ವಿದ್ಯಾರ್ಥಿಗಳಿಗೆ ಯಾವಾಗ್ಲೂ ಕೇಳೋ ಪ್ರಶ್ನೆ ಒಂದೇ, ಅದನ್ನೇ ನಿಮ್ಮ ವರದಿಗಾರರೂ ಕೇಳ್ಲಿ ಅನ್ನೋದು ನನ್ನ ವಿನಂತಿ: ಈ ವಾದ ಸುಳ್ಳಾಗಿದ್ರೆ ನಮಗೆ ಏನು ಕಾಣಿಸಬೇಕಿತ್ತು, ಅದನ್ನ ಇವ್ರು ಹುಡುಕಿದ್ರಾ?

ಯಾಕಂದ್ರೆ ಕೈಲಿರೋ ಅಂಕಿಅಂಶಕ್ಕೆ ಹೊಂದೋ ಹಾಗೆ ಒಂದು ಕಥೆ ಕಟ್ಟೋದು ಕಷ್ಟದ ಕೆಲಸ ಅಲ್ಲ. ಡೇಟಾ ನೋಡಿ ಆಮೇಲೆ ಕಟ್ಟಿದ ಸಿದ್ಧಾಂತ ಆ ಡೇಟಾಗೆ ಹೊಂದೇ ಹೊಂದುತ್ತೆ, ಅದಕ್ಕೇ ತಾನೇ ಕಟ್ಟಿದ್ದು. ಹೊಂದಿದ್ದನ್ನ ಪರೀಕ್ಷೆ ಅಂತ ಕರೆಯೋಕಾಗಲ್ಲ. ಸಿದ್ಧಾಂತ ನಿಜ ಆಗಿದ್ರೆ ಇನ್ನೆಲ್ಲೆಲ್ಲಿ ಏನೇನು ಕಾಣಬೇಕು, ಎಲ್ಲಿ ಕಾಣಲೇಬಾರದು ಅಂತ ಮೊದಲೇ ಹೇಳಿ, ಆಮೇಲೆ ಅಲ್ಲಿಗೇ ಹೋಗಿ ನೋಡಬೇಕು, ಸೋಲೋ ಸಾಧ್ಯತೆ ನಿಜವಾಗ್ಲೂ ಇರಬೇಕು. ಕಾರ್ಲ್ ಪಾಪ್ಪರ್ ಅನ್ನೋ ತತ್ವಜ್ಞಾನಿ 1934ರಲ್ಲೇ ಇದನ್ನ ವಿಜ್ಞಾನದ ಗುರುತು ಅಂತ ವಾದಿಸಿದ್ದ. ಅವನ ವಾದಕ್ಕೂ ತಕರಾರುಗಳಿವೆ, ಒಂದು ಫಲಿತಾಂಶ ಉಲ್ಟಾ ಬಂದ ತಕ್ಷಣ ಯಾರೂ ಸಿದ್ಧಾಂತ ಬಿಸಾಡಲ್ಲ, ಅಳತೇಲಿ ತಪ್ಪಿರಬಹುದು ಅಂತ ಮೊದಲು ನೋಡ್ತಾರೆ, ಅದು ಸರಿಯೇ. ಆದ್ರೂ ಎಲ್ಲಿ ಸೋಲ್ತೀನಿ ಅಂತಾನೇ ಹೇಳದ ವಾದ ಪರೀಕ್ಷೆಗೆ ಕೂತೇ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಒಂದು ಒಳ್ಳೆ ಉದಾಹರಣೆ ಕೊಡ್ತೀನಿ, ಸ್ವಲ್ಪ ವಿವರವಾಗೇ. ಕನಿಷ್ಠ ವೇತನ ಹೆಚ್ಚಿಸಿದ್ರೆ ಕೆಲಸ ಕಮ್ಮಿ ಆಗುತ್ತೆ ಅನ್ನೋದು ಅರ್ಥಶಾಸ್ತ್ರದ ಪಠ್ಯಪುಸ್ತಕದ ಮಾತು. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಗೆ 4.25 ಡಾಲರ್ ಇದ್ದ ಕನಿಷ್ಠ ಕೂಲೀನ 5.05 ಡಾಲರ್‌ಗೆ ಏರಿಸ್ತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಮಾತ್ರ ಹಳೇ ದರವೇ ಇತ್ತು. ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ನ್ಯೂಜೆರ್ಸಿ ಮತ್ತು ಪೂರ್ವ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ರೆಸ್ಟೋರೆಂಟ್‌ಗಳನ್ನ ಏರಿಕೆಗೆ ಮುಂಚೆ ಒಂದ್ಸಲ, ಏರಿಕೆ ಆಗಿ ತಿಂಗಳುಗಳಾದ ಮೇಲೆ ಇನ್ನೊಂದ್ಸಲ ವಿಚಾರಿಸಿದ್ರು. ನ್ಯೂಜೆರ್ಸಿ ಒಂದನ್ನೇ ನೋಡಿದ್ರೆ ಆ ವರ್ಷದ ಆರ್ಥಿಕ ಪರಿಸ್ಥಿತಿ, ಸೀಸನ್ನು, ಇವೆಲ್ಲಾ ಬೆರೆತು ಹೋಗ್ತಿತ್ತು, ಅದಕ್ಕೇ ಪಕ್ಕದ ರಾಜ್ಯದಲ್ಲಿ ಎಷ್ಟು ಬದಲಾವಣೆ ಆಯ್ತೋ ಅದನ್ನ ಇದರಿಂದ ಕಳೆದು ನೋಡಿದ್ರು. ಪಠ್ಯಪುಸ್ತಕದ ಮಾತು ನಿಜ ಆಗಿದ್ರೆ ನ್ಯೂಜೆರ್ಸೀಲಿ ಕೆಲಸ ಕುಸಿದಿರಬೇಕಿತ್ತು, ಕುಸಿದಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ರೂ ಒಂದು ಪೇಪರ್ ಆಗ್ತಿತ್ತು. ಆದ್ರೆ ಎರಡು ರಾಜ್ಯಗಳ ನಡುವೆ ಇನ್ನೇನೋ ವ್ಯತ್ಯಾಸ ಇರಬಹುದಲ್ವಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಅದಕ್ಕೆ ಅವರು ನ್ಯೂಜೆರ್ಸಿ ಒಳಗೇ ಇನ್ನೊಂದು ಹೋಲಿಕೆ ಮಾಡಿದ್ರು. ಏರಿಕೆಗೆ ಮುಂಚೆಯೇ 5 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಡ್ತಿದ್ದ ರೆಸ್ಟೋರೆಂಟ್‌ಗಳಿಗೆ ಹೊಸ ಕಾನೂನಿಂದ ಹೊರೆ ಇಲ್ಲವೇ ಇಲ್ಲ ಅನ್ನಬಹುದು, 4.25 ಕೊಡ್ತಿದ್ದೋರಿಗೆ ಪೂರ್ತಿ ಹೊರೆ. ವೇತನ ಏರಿಕೆಯೇ ಕೆಲಸ ಕಡಿಮೆ ಮಾಡೋದಾದ್ರೆ ಈ ಎರಡು ಗುಂಪಿನ ನಡುವೆ ಅದು ಕಾಣಬೇಕು, ಒಂದೇ ರಾಜ್ಯ ಆದ್ರಿಂದ ‘ಪಕ್ಕದ ರಾಜ್ಯ ಬೇರೆ ಥರ’ ಅನ್ನೋ ಮಾತೂ ಬರಲ್ಲ. ಅಲ್ಲೂ ಕಾಣಲಿಲ್ಲ. ನಂಗೆ ತುಂಬಾ ಇಷ್ಟ ಆಗೋದು ಈ ಎರಡನೇ ಹೆಜ್ಜೆ, ತಮ್ಮ ವಾದಕ್ಕೆ ಬರಬಹುದಾದ ಅತಿ ಗಟ್ಟಿ ಆಕ್ಷೇಪವನ್ನ ತಾವೇ ಎತ್ತಿ, ಅದು ನಿಜ ಆಗಿದ್ರೆ ಎಲ್ಲಿ ಗುರುತು ಬಿಟ್ಟಿರಬೇಕು ಅಂತ ಹುಡುಕಿಕೊಂಡು ಹೋಗೋದು. 1994ರಲ್ಲಿ ಈ ಲೇಖನ ಬಂದಾಗ ದೊಡ್ಡ ಗಲಾಟೆ ಆಯ್ತು. ಡೇವಿಡ್ ನ್ಯೂಮಾರ್ಕ್, ವಿಲಿಯಂ ವಾಷರ್ ಅನ್ನೋ ಅರ್ಥಶಾಸ್ತ್ರಜ್ಞರು ಫೋನ್‌ನಲ್ಲಿ ಕೇಳಿದ ಉತ್ತರ ಬೇಡ ಸಂಬಳದ ದಾಖಲೆಯನ್ನೇ ನೋಡೋಣ ಅಂತ ಹೊರಟು ಉಲ್ಟಾ ಫಲಿತಾಂಶ ತೋರಿಸಿದ್ರು, ಕಾರ್ಡ್ ಮತ್ತು ಕ್ರೂಗರ್ ಮತ್ತೆ ಸರ್ಕಾರಿ ದಾಖಲೆ ಇಟ್ಕೊಂಡು 2000ದಲ್ಲಿ ಉತ್ತರ ಕೊಟ್ರು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು, ಕ್ರೂಗರ್ ಅಷ್ಟರಲ್ಲಿ ತೀರ್ಕೊಂಡಿದ್ರು. ಕನಿಷ್ಠ ವೇತನದ ಚರ್ಚೆ ಮುಗಿದಿಲ್ಲ, ಮುಗಿಯೋ ಅಗತ್ಯವೂ ಇಲ್ಲ, ಆದ್ರೆ ಅವತ್ತಿಂದ ಇವತ್ತಿನವರೆಗೂ ಜಗಳ ನಡೀತಿರೋದು ಪುರಾವೆ ಮೇಲೆ. ಇಂಥ ಜಗಳಾನ ನಿಮ್ಮ ಪತ್ರಿಕೇಲಿ ಓದೋಕೆ ನಂಗೆ ಆಸೆ.

ಈಗ ಇನ್ನೊಂದು, ಇದು ಓದಿದಾಗೆಲ್ಲಾ ಮನಸ್ಸು ಕಲಕುತ್ತೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್ ಮತ್ತು ಸಾಮರ್‌ವಿಲ್ ಅನ್ನೋ ಊರುಗಳಲ್ಲಿ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಅನ್ನೋ ವೈದ್ಯರು, ದಾರಿ ತಪ್ಪಬಹುದಾದ ಹುಡುಗರಿಗೆ ಪ್ರೀತಿಯಿಂದ ಮಾರ್ಗದರ್ಶನ ಕೊಟ್ರೆ ಅವ್ರು ಅಪರಾಧದ ಕಡೆ ಹೋಗಲ್ಲ ಅನ್ನೋ ನಂಬಿಕೆಯಿಂದ ಒಂದು ಕಾರ್ಯಕ್ರಮ ಶುರು ಮಾಡಿಸಿದ್ರು. 1939ರಿಂದ 1945ರವರೆಗೆ ನಡೀತು. ವಯಸ್ಸು, ಮನೆ ಪರಿಸ್ಥಿತಿ, ಸ್ವಭಾವ ಎಲ್ಲಾ ನೋಡಿ ಹುಡುಗರನ್ನ ಜೋಡಿ ಜೋಡಿ ಮಾಡಿ, ಪ್ರತಿ ಜೋಡೀಲಿ ಯಾರಿಗೆ ನೆರವು ಅಂತ ನಾಣ್ಯ ಚಿಮ್ಮಿ ನಿರ್ಧರಿಸಿದ್ರು. ನೆರವು ಸಿಕ್ಕೋರಿಗೆ ಸರಾಸರಿ ಐದೂವರೆ ವರ್ಷ, ತಿಂಗಳಿಗೆ ಎರಡು ಸಲದಂತೆ ಕೌನ್ಸೆಲರ್ ಮನೆಗೇ ಬರ್ತಿದ್ರು, ಪಾಠ ಹೇಳಿಸ್ತಿದ್ರು, ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರು, ಬೇಸಿಗೆ ಶಿಬಿರಕ್ಕೆ ಕಳಿಸ್ತಿದ್ರು. ಇದರಲ್ಲಿ ತಪ್ಪೇನಿದೆ ಹೇಳಿ, ಯಾರು ಕೇಳಿದ್ರೂ ಒಳ್ಳೇದೇ ಆಗುತ್ತೆ ಅನ್ನೋ ಕೆಲಸ.

ಮೂವತ್ತು ವರ್ಷ ಆದ್ಮೇಲೆ ಜೋನ್ ಮೆಕಾರ್ಡ್ ಅನ್ನೋ ಅಪರಾಧಶಾಸ್ತ್ರಜ್ಞೆ ಆ ಹುಡುಗರನ್ನ, ಅಂದ್ರೆ ಆಗ ನಡುವಯಸ್ಸಿನ ಗಂಡಸರನ್ನ, ಹುಡುಕಿ ತೆಗೆದ್ರು. ಎರಡೂ ಗುಂಪು ಸೇರಿ 506 ಜನ, ಅಂದ್ರೆ 253 ಜೋಡಿ. ನೆರವು ಪಡೆದೋರನ್ನ ಕೇಳಿದ್ರೆ ಮೂರರಲ್ಲಿ ಎರಡು ಪಾಲು ಜನ ಕಾರ್ಯಕ್ರಮದಿಂದ ತಮಗೆ ಒಳ್ಳೇದಾಯ್ತು ಅಂದ್ರು. ಬರೀ ಇದನ್ನೇ ಕೇಳಿ ಬಿಟ್ಟಿದ್ರೆ ಪತ್ರಿಕೆಗಳಲ್ಲಿ ಏನು ಹೆಡ್ಡಿಂಗು ಬರ್ತಿತ್ತು ಅಂತ ನಿಮಗೇ ಗೊತ್ತು. ಆದ್ರೆ ಕೋರ್ಟ್ ದಾಖಲೆ, ಆಸ್ಪತ್ರೆ ದಾಖಲೆ, ಮರಣ ದಾಖಲೆ ತೆಗೆದು ಜೋಡಿ ಜೋಡಿಯಾಗಿ ಹೋಲಿಸಿದಾಗ ಅಪರಾಧ ಕಡಿಮೆ ಆಗೇ ಇರಲಿಲ್ಲ, ಅದರ ಮೇಲೆ ಒಮ್ಮೆ ತಪ್ಪು ಮಾಡಿದೋರು ಎರಡನೇ ಸಲ ಮಾಡೋದು, ಕುಡಿತದ ಲಕ್ಷಣ, ಗಂಭೀರ ಮಾನಸಿಕ ಕಾಯಿಲೆ, ಬೇಗ ಸಾಯೋದು, ಇವೆಲ್ಲಾ ನೆರವು ಸಿಕ್ಕವರಲ್ಲೇ ಹೆಚ್ಚಿತ್ತು. 1978ರಲ್ಲಿ ಇದು ಪ್ರಕಟ ಆಯ್ತು. ಒಳ್ಳೇ ಮನಸ್ಸಿಂದ ಮಾಡಿದ ಕೆಲಸ ಹಾನಿ ಮಾಡಿರಬಹುದು ಅನ್ನೋದು ಯಾರಿಗೂ ಬೇಡವಾದ ಸುದ್ದಿ, ಆ ನಾಣ್ಯ ಚಿಮ್ಮದೇ ಹೋಗಿದ್ರೆ ಆ ಸುದ್ದಿ ಯಾವತ್ತೂ ಹೊರಗೆ ಬರ್ತಾನೇ ಇರಲಿಲ್ಲ. ನೆರವು ಸಿಗದೇ ಇರೋ ಅದೇ ಥರದ ಹುಡುಗ ಹೇಗಾಗ್ತಿದ್ದ ಅನ್ನೋದನ್ನ ತೋರಿಸೋಕೆ ಆ ಇನ್ನೊಂದು ಗುಂಪು ಇತ್ತು ಅಷ್ಟೇ.

ಹಾನಿ ಯಾಕಾಯ್ತು ಅನ್ನೋದಕ್ಕೂ ಅಲ್ಲೊಂದು ಪರೀಕ್ಷೆ ನಡೀತು. ತುಂಟ ಹುಡುಗರನ್ನ ಒಟ್ಟಿಗೆ ಸೇರಿಸಿದ್ದೇ ತಪ್ಪಾಯ್ತಾ ಅಂತ ಅನುಮಾನ ಬಂದಾಗ, ಹಾಗಿದ್ರೆ ಒಂದಕ್ಕಿಂತ ಹೆಚ್ಚು ಸಲ ಬೇಸಿಗೆ ಶಿಬಿರಕ್ಕೆ ಹೋದೋರಲ್ಲಿ ಹಾನಿ ಜಾಸ್ತಿ ಇರಬೇಕು, ಉಳಿದೋರಲ್ಲಿ ಅಷ್ಟು ಇರಬಾರದು ಅಂತ ನೋಡಿದ್ರು. ಹಾಗೇ ಇತ್ತು. ಇದ್ರಿಂದ ಅನುಮಾನ ನೂರಕ್ಕೆ ನೂರು ನಿಜ ಆಯ್ತು ಅಂತ ನಾನು ಹೇಳಲ್ಲ, ಯಾಕಂದ್ರೆ ಶಿಬಿರಕ್ಕೆ ಯಾರು ಹೋಗಬೇಕು ಅಂತ ನಾಣ್ಯ ಚಿಮ್ಮಿರಲಿಲ್ಲ. ಆದ್ರೆ ಕಾರಣ ಹೇಳಿ ಸುಮ್ನಾಗದೆ, ಆ ಕಾರಣ ಕೆಲಸ ಮಾಡೋ ದಾರೀಲಿ ಏನು ಸಿಗಬೇಕು ಅಂತ ಹುಡುಕಿದ್ರಲ್ಲ, ಆ ಹೆಜ್ಜೆ ಮುಖ್ಯ.

ಒಟ್ಟು ಲೆಕ್ಕ ಹೇಗೆ ದಾರಿ ತಪ್ಪಿಸುತ್ತೆ ಅನ್ನೋದಕ್ಕೆ ಪಾಠದಲ್ಲಿ ಎಲ್ಲರೂ ಹೇಳೋ ಎರಡು ಪ್ರಸಂಗಗಳಿವೆ, ನಿಮ್ಮ ಓದುಗರಿಗೆ ಹೊಸದಿರಬಹುದು ಅಂತ ಬೇಗ ಹೇಳಿ ಮುಗಿಸ್ತೀನಿ. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶದಲ್ಲಿ ಅರ್ಜಿ ಹಾಕಿದ ಗಂಡಸರಲ್ಲಿ ಶೇ 44 ಮಂದಿಗೆ, ಹೆಂಗಸರಲ್ಲಿ ಶೇ 35 ಮಂದಿಗೆ ಸೀಟು ಸಿಕ್ಕಿತ್ತು. ವಿಭಾಗವಾರು ಬಿಡಿಸಿ ನೋಡಿದ್ರೆ ಹೆಂಗಸರ ವಿರುದ್ಧ ಅಂಥ ತಾರತಮ್ಯ ಕಾಣಲಿಲ್ಲ, ಸೀಟು ಸಿಗೋದೇ ಕಷ್ಟ ಇದ್ದ ವಿಭಾಗಗಳಿಗೆ ಹೆಂಗಸರು ಹೆಚ್ಚು ಅರ್ಜಿ ಹಾಕಿದ್ರು. ಹಂಗಂತ ಅಲ್ಲಿಗೆ ಪ್ರಶ್ನೆ ಮುಗೀತಾ, ಇಲ್ಲ, ಹೆಂಗಸರು ಆ ವಿಭಾಗಗಳಿಗೇ ಯಾಕೆ ಹೋದ್ರು ಅನ್ನೋದು ಇನ್ನೊಂದು ಸಂಶೋಧನೆಯ ವಿಷಯ, ಆದ್ರೆ ಪ್ರವೇಶ ಸಮಿತಿ ಮೇಲೆ ಹೊರಿಸಿದ ಆರೋಪ ನಿಲ್ಲಲಿಲ್ಲ. ಎರಡನೇದು, 1950ರಲ್ಲಿ ರಾಬಿನ್ಸನ್ ಅನ್ನೋ ಸಮಾಜಶಾಸ್ತ್ರಜ್ಞ ಅಮೆರಿಕದ 1930ರ ಜನಗಣತಿ ಇಟ್ಕೊಂಡು ತೋರಿಸಿದ್ದು. ವಲಸಿಗರು ಹೆಚ್ಚಿರೋ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು, ಹಾಗಾದ್ರೆ ವಲಸಿಗರು ಹೆಚ್ಚು ಓದಿದೋರಾ? ವ್ಯಕ್ತಿ ವ್ಯಕ್ತಿಯಾಗಿ ನೋಡಿದ್ರೆ ವಲಸಿಗರಲ್ಲೇ ಅನಕ್ಷರತೆ ಸ್ವಲ್ಪ ಹೆಚ್ಚು. ಅವ್ರು ಹೋಗಿ ನೆಲೆ ನಿಂತಿದ್ದು ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಲ್ಲಿ ಅಷ್ಟೇ. ಪ್ರದೇಶದ ಸರಾಸರಿ ತಗೊಂಡು ಅಲ್ಲಿರೋ ಮನುಷ್ಯರ ಬಗ್ಗೆ ತೀರ್ಪು ಕೊಡೋ ಲೇಖನಗಳು ಇವತ್ತಿಗೂ, ಅದರಲ್ಲೂ ಚುನಾವಣೆ ಟೈಮಲ್ಲಿ, ಬರ್ತಾನೇ ಇವೆ.

ಇನ್ನು ‘ಯಶಸ್ಸಿನ ಗುಟ್ಟು’ ಥರದ ಸಂಶೋಧನೆ. ಗೆದ್ದ ಕಂಪನಿಗಳನ್ನ, ಬೆಳೆದ ದೇಶಗಳನ್ನ ಮಾತ್ರ ಆರಿಸಿಕೊಂಡು ಅವುಗಳಲ್ಲಿ ಸಮಾನವಾಗಿರೋದು ಏನು ಅಂತ ಪಟ್ಟಿ ಮಾಡೋದು. ಅದೇ ಗುಣ ಸೋತೋರಲ್ಲೂ ಅಷ್ಟೇ ಇತ್ತಾ ಅಂತ ನೋಡದೇ ಇದ್ರೆ ಆ ಪಟ್ಟಿಗೆ ಏನೂ ಬೆಲೆ ಇಲ್ಲ. ಇದಕ್ಕಿಂತ ಹೆಚ್ಚು ಹೇಳೋ ಅಗತ್ಯ ಇಲ್ಲ ಅನ್ಸುತ್ತೆ.

ಪತ್ರಿಕೆಗಳಿಗೆ ನೇರವಾಗಿ ತಟ್ಟೋ ಪ್ರಸಂಗ ಅಂದ್ರೆ ದೇಶದ ಸಾಲದ್ದು. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಅನ್ನೋ ಹೆಸರಾಂತ ಅರ್ಥಶಾಸ್ತ್ರಜ್ಞರು, ಸರ್ಕಾರದ ಸಾಲ ಜಿಡಿಪಿಯ ಶೇ 90 ದಾಟಿದ ದೇಶಗಳಲ್ಲಿ ಬೆಳವಣಿಗೆ ಸರಾಸರಿ ಸೊನ್ನೆಗಿಂತ ಕೆಳಗೆ, ಶೇ ಮೈನಸ್ 0.1 ಇತ್ತು ಅಂತ ಬರೆದ್ರು. ಖರ್ಚು ಕಡಿತ ಮಾಡ್ಬೇಕು ಅಂತಿದ್ದ ರಾಜಕಾರಣಿಗಳು ಅದನ್ನ ಹಿಡ್ಕೊಂಡು ಓಡಾಡಿದ್ರು. 2013ರಲ್ಲಿ ಥಾಮಸ್ ಹೆರ್ನ್‌ಡನ್ ಅನ್ನೋ ಒಬ್ಬ ವಿದ್ಯಾರ್ಥಿ ಕ್ಲಾಸಿನ ಅಸೈನ್‌ಮೆಂಟಿಗೆ ಅದೇ ಲೆಕ್ಕ ಮತ್ತೆ ಮಾಡೋಕೆ ಹೋಗಿ, ಬರದೇ ಇದ್ದಾಗ ಲೇಖಕರನ್ನೇ ಕೇಳಿ ಎಕ್ಸೆಲ್ ಶೀಟು ತರಿಸ್ಕೊಂಡ. ಸರಾಸರಿ ಹಾಕೋ ಫಾರ್ಮುಲಾದಲ್ಲಿ ಐದು ದೇಶಗಳು ಬಿಟ್ಟೇ ಹೋಗಿದ್ವು. ಅದನ್ನೂ, ಬಿಟ್ಟುಹೋದ ಕೆಲವು ವರ್ಷಗಳನ್ನೂ, ಸರಾಸರೀಲಿ ಯಾವ ದೇಶಕ್ಕೆ ಎಷ್ಟು ತೂಕ ಅಂತ ಕೊಟ್ಟ ರೀತೀನೂ ಸರಿ ಮಾಡಿ ಅವನು ಮತ್ತು ಅವನ ಮೇಷ್ಟ್ರುಗಳು ಲೆಕ್ಕ ಹಾಕಿದ್ರೆ ಆ ಸರಾಸರಿ ಶೇ 2.2 ಆಯ್ತು. ಎಕ್ಸೆಲ್ ತಪ್ಪು ಎಲ್ಲಾ ಕಡೆ ಸುದ್ದಿ ಆಯ್ತು. ಆದ್ರೆ ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಕಾರಣದ ದಿಕ್ಕಿನದು. ಸಾಲ ಹೆಚ್ಚಾಗಿ ಬೆಳವಣಿಗೆ ನಿಂತಿತೋ, ಬೆಳವಣಿಗೆ ನಿಂತು ತೆರಿಗೆ ಕಮ್ಮಿಯಾಗಿ ಸಾಲ ಹೆಚ್ಚಿತೋ? ಅರಿಂದ್ರಜಿತ್ ದುಬೆ ಅನ್ನೋ ಅರ್ಥಶಾಸ್ತ್ರಜ್ಞರು ಅದೇ ಡೇಟಾದಲ್ಲಿ ನೋಡಿದ್ರೆ ಇವತ್ತಿನ ಸಾಲದ ಸಂಬಂಧ ಮುಂದಿನ ವರ್ಷಗಳ ಬೆಳವಣಿಗೆಗಿಂತ ಹಿಂದಿನ ವರ್ಷಗಳ ಬೆಳವಣಿಗೆ ಜೊತೆಗೇ ಹೆಚ್ಚು ಗಟ್ಟಿಯಾಗಿತ್ತು. ಸಾಲವೇ ಮೂಲ ಕಾರಣ ಆಗಿದ್ರೆ ಹೀಗೆ ಕಾಣಬಾರದಿತ್ತು. ಇಷ್ಟು ಸರಳ ಪರೀಕ್ಷೆ, 2010ರಲ್ಲೇ ಯಾರಾದ್ರೂ ವರದಿಗಾರರು ‘ಯಾವುದು ಮೊದಲು ಆಯ್ತು ಸಾರ್’ ಅಂತ ಕೇಳಬಹುದಿತ್ತು.

ಮನುಷ್ಯರ ವಿಷಯದಲ್ಲಿ ಇಂಥ ಪರೀಕ್ಷೆ ಎಲ್ಲಾ ಆಗಲ್ಲ, ಇತಿಹಾಸ ಒಂದೇ ಸಲ ನಡೆಯೋದು, ಕ್ರಾಂತೀನೋ ಯುದ್ಧಾನೋ ಮತ್ತೆ ನಡೆಸಿ ನೋಡೋಕಾಗುತ್ತಾ ಅಂತ ಕೆಲವರು ಹೇಳ್ತಾರೆ. ಇದನ್ನ ನಾನು ಒಪ್ಪಲ್ಲ. ಒಂದೇ ಘಟನೆ ಇದ್ರೂ ವಾದಾನ ಪರೀಕ್ಷಿಸೋ ದಾರಿ ಇದೆ, ಒಳ್ಳೇ ಪತ್ತೇದಾರ ಮಾಡೋದೂ ಅದನ್ನೇ. ಕೊಲೆ ನಡೆದ ಹೊತ್ತಿಗೆ ಆಸಾಮಿ ಊರಲ್ಲೇ ಇರಲಿಲ್ಲ ಅಂತಾದ್ರೆ ಅವನ ಮೇಲಿನ ಆರೋಪ ಬಿದ್ದು ಹೋಗುತ್ತೆ, ಊರಲ್ಲಿದ್ದ ಅಂತಾದ್ರೆ ಆರೋಪ ಸಾಬೀತಾಗಲ್ಲ, ಆದ್ರೆ ಉಳ್ಕೊಳ್ಳುತ್ತೆ. ಇದನ್ನ ಹೂಪ್ ಟೆಸ್ಟ್ ಅಂತಾರೆ. ಕೈಲಿ ಹೊಗೆಯಾಡೋ ಬಂದೂಕು ಸಿಕ್ರೆ ಅದು ಬೇರೆ ಮಟ್ಟದ ಪುರಾವೆ, ಆದ್ರೆ ಸಿಗಲಿಲ್ಲ ಅಂದ ಮಾತ್ರಕ್ಕೆ ಅವನು ನಿರಪರಾಧಿ ಅಂತಲೂ ಆಗಲ್ಲ. ಸ್ಟೀಫನ್ ವ್ಯಾನ್ ಎವೆರಾ ಅನ್ನೋ ರಾಜ್ಯಶಾಸ್ತ್ರಜ್ಞ 1997ರಲ್ಲಿ ಇವಕ್ಕೆ ಹೆಸರು ಕೊಟ್ಟ. ಉದಾಹರಣೆಗೆ ಒಂದು ಸರ್ಕಾರ ಜನರ ಪ್ರತಿಭಟನೆಗೆ ಹೆದರಿ ಕಾನೂನು ವಾಪಸ್ ತಗೊಂಡಿತು ಅಂತ ಯಾರಾದ್ರೂ ವಾದ ಮಾಡಿದ್ರೆ, ವಾಪಸ್ ತಗೊಳ್ಳೋ ನಿರ್ಧಾರ ಪ್ರತಿಭಟನೆ ಶುರು ಆದ ಮೇಲೆ ಆಗಿರಬೇಕು, ಒಳಗಿನ ಸಭೆಗಳ ಟಿಪ್ಪಣೀಲಿ ಆ ವಿಷಯ ಚರ್ಚೆ ಆಗಿರಬೇಕು, ಅದಕ್ಕೂ ಮುಂಚೆಯೇ ಹಣಕಾಸಿನ ಕಾರಣಕ್ಕೆ ಕೈ ಬಿಡೋ ತೀರ್ಮಾನ ಆಗಿರಬಾರದು. ಕಡತ ತೆಗೆದು ತಾರೀಖು ನೋಡಿದ್ರೆ ವಾದ ಬೀಳಬಹುದು. ಬೀಳೋ ಸಾಧ್ಯತೆ ಇದೆ ಅಂದಮೇಲೆ ಅದು ಪರೀಕ್ಷೆಯೇ.

ಇನ್ನೊಂದು ತುದೀಲಿ, ನಾಣ್ಯ ಚಿಮ್ಮಿ ಮಾಡಿದ ಪ್ರಯೋಗ ಮಾತ್ರ ನಿಜವಾದ ಪುರಾವೆ, ಉಳಿದಿದ್ದೆಲ್ಲಾ ಬರೀ ಮಾತು ಅನ್ನೋರಿದ್ದಾರೆ. ಅದೂ ಅತಿ ಆಯ್ತು. ಪ್ರಯೋಗ ಒಂದು ಜಾಗದಲ್ಲಿ, ಒಂದು ಕಾಲದಲ್ಲಿ ಏನಾಯ್ತು ಅಂತ ಚೆನ್ನಾಗಿ ಹೇಳುತ್ತೆ, ಯಾಕಾಯ್ತು, ಬೇರೆ ಕಡೆ ಹೀಗೇ ಆಗುತ್ತಾ ಅನ್ನೋದಕ್ಕೆ ಮತ್ತೆ ಸಿದ್ಧಾಂತವೇ ಬೇಕು. ಇನ್ನು ಪ್ರಯೋಗ ಅಂದ್ರೆ ಕಣ್ಣು ಮುಚ್ಚಿ ನಂಬಬಹುದು ಅಂತಲೂ ಇಲ್ಲ. ಮನೋವಿಜ್ಞಾನದಲ್ಲಿ 100 ಪ್ರಕಟಿತ ಅಧ್ಯಯನಗಳನ್ನ ಮತ್ತೆ ಮಾಡಿ ನೋಡೋ ದೊಡ್ಡ ಪ್ರಯತ್ನದ ಫಲಿತಾಂಶ 2015ರಲ್ಲಿ ಬಂತು. ಮೊದಲ ಸಲ ಅವುಗಳಲ್ಲಿ ಶೇ 97ರಲ್ಲಿ ಅಂಕಿಅಂಶದ ಪ್ರಕಾರ ಮಹತ್ವದ, ಅಂದ್ರೆ ಬರೀ ಆಕಸ್ಮಿಕ ಅಂತ ಸುಲಭವಾಗಿ ತಳ್ಳಿಹಾಕೋಕಾಗದ, ಪರಿಣಾಮ ಕಂಡಿತ್ತು, ಎರಡನೇ ಸಲ ಶೇ 36ರಲ್ಲಿ ಮಾತ್ರ. ಎಷ್ಟೋ ಥರ ಲೆಕ್ಕ ಹಾಕಿ ನೋಡಿ ಚೆನ್ನಾಗಿ ಬಂದಿದ್ದನ್ನ ಮಾತ್ರ ಪ್ರಕಟಿಸೋದು ಇದಕ್ಕೊಂದು ದೊಡ್ಡ ಕಾರಣ ಅಂತ ಆ ಕ್ಷೇತ್ರದವರೇ ಒಪ್ಕೊಂಡು, ಡೇಟಾ ನೋಡೋ ಮುಂಚೆಯೇ ನಮ್ಮ ಊಹೆ ಏನು, ಹೇಗೆ ಲೆಕ್ಕ ಹಾಕ್ತೀವಿ ಅಂತ ನೋಂದಾಯಿಸಿ ಇಡೋ ಪದ್ಧತಿಗೆ ಈಗ ಒತ್ತು ಕೊಡ್ತಿದ್ದಾರೆ. ಒಂದು ಅಧ್ಯಯನ ಹೀಗೆ ಮೊದಲೇ ನೋಂದಣಿ ಆಗಿತ್ತಾ ಅಂತ ನೋಡೋಕೆ ವರದಿಗಾರರಿಗೆ ಐದು ನಿಮಿಷ ಸಾಕು.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಸಂಶೋಧನೆಯ ಸುದ್ದಿ ಹಾಕುವಾಗ ಯಾರನ್ನ ಯಾರ ಜೊತೆ ಹೋಲಿಸಿದ್ರು ಅಂತ ಒಂದು ಸಾಲು ಇರಲಿ. ಇದೇ ಫಲಿತಾಂಶಕ್ಕೆ ಬೇರೆ ಯಾವ ಕಾರಣ ಇರಬಹುದು, ಅದನ್ನ ಸಂಶೋಧಕರು ಹೇಗೆ ತಳ್ಳಿಹಾಕಿದ್ರು ಅಂತ ಇನ್ನೊಂದು ಸಾಲು, ತಳ್ಳಿಹಾಕಿಲ್ಲ ಅಂದ್ರೆ ಅದನ್ನೂ ಹಾಗೇ ಬರೆದುಬಿಡಿ. ಆ ಅಧ್ಯಯನದಲ್ಲಿ ಭಾಗವಹಿಸದ ಒಬ್ಬ ತಜ್ಞರಿಗೆ ಫೋನ್ ಮಾಡಿ ‘ಇದು ತಪ್ಪಾಗಿದ್ರೆ ಹೇಗೆ ಗೊತ್ತಾಗುತ್ತೆ’ ಅಂತ ಕೇಳಿ, ಅವರ ಉತ್ತರ ಹಾಕಿ. ಬರೀ ಜೊತೆಜೊತೆಗೆ ಕಂಡಿದ್ದಕ್ಕೆ ‘ಸಾಬೀತು’, ‘ಕಾರಣ’, ‘ಪರಿಣಾಮ’ ಅನ್ನೋ ಪದ ಬೇಡ, ‘ಸಂಬಂಧ ಕಂಡುಬಂದಿದೆ’ ಅಂದ್ರೆ ಸಾಕು, ಓದುಗರು ದಡ್ಡರಲ್ಲ, ವ್ಯತ್ಯಾಸ ಅವರಿಗೆ ಅರ್ಥ ಆಗುತ್ತೆ. ಕೊನೇದಾಗಿ, ನೀವು ದೊಡ್ಡದಾಗಿ ಹಾಕಿದ ಅಧ್ಯಯನ ಮುಂದೆ ಬೇರೆಯವರು ಮತ್ತೆ ಮಾಡಿದಾಗ ನಿಲ್ಲದೇ ಹೋದ್ರೆ ಆ ಸುದ್ದೀನೂ ಹಾಕಿ, ಮೊದಲನೇದು ಮುಖಪುಟದಲ್ಲಿ ಬಂದಿದ್ರೆ ಎರಡನೇದೂ ಅಲ್ಲೇ ಬರಲಿ.

ಇಂತಿ,
ಸಂಶೋಧನಾ ವಿಧಾನ ಪಾಠ ಮಾಡುವ ಒಬ್ಬ ಓದುಗ